ಗೊತ್ತಪ್ಪನವರ ಚೀಟಿ

ಅಪ್ಪನ ಅಂಗಿಯಲ್ಲಿ ಸೀಮೆಎಣ್ಣೆ ಮತ್ತು ಅಚ್ಚಿನ ಶಾಯಿ ಬೆರೆತ ಒಂದು ವಾಸನೆ ಇರುತ್ತಿತ್ತು. ಸಂಜೆ ಅವರಿಗಿಂತ ಮೊದಲು ಅದು ಬಾಗಿಲು ದಾಟುತ್ತಿತ್ತು. ನಾನು ಓಡಿಹೋಗಿ ಅವರ ಜೇಬಿಗೆ ಕೈ ಹಾಕುತ್ತಿದ್ದೆ. ಅಪ್ಪ ಅಚ್ಚಿನ ಮೊಳೆ ಜೋಡಿಸುವವರು. ಮಸಿ ಮೆತ್ತಿ ಹಾಳಾದ ಹಾಳೆಗಳನ್ನು ನನಗೆಂದು ಮಡಚಿ ತರುತ್ತಿದ್ದರು. ಹೆಚ್ಚಿನವು ಪತ್ತೇದಾರಿ ಕಾದಂಬರಿಗಳವು. ಆದರೆ ಕೊನೆಯ ಹದಿನಾರು ಪುಟ ಜೋಡಿಸುವುದು ಯಾವಾಗಲೂ ಪಕ್ಕದ ಮೇಜಿನವರ ಪಾಲು. ಹೀಗಾಗಿ ಎಷ್ಟೋ ವರ್ಷ ಒಬ್ಬ ಕೊಲೆಗಾರನೂ ನನ್ನ ಕೈಗೆ ಸಿಗಲಿಲ್ಲ. ಅಮ್ಮನ ಜೊತೆ ಪಾತ್ರೆ ಒರೆಸುತ್ತ, ಕಥೆಯಲ್ಲಿದ್ದವರನ್ನೆಲ್ಲ ಒಬ್ಬೊಬ್ಬರಾಗಿ ನಾನೇ ವಿಚಾರಣೆಗೆ ಎಳೆಯುತ್ತಿದ್ದೆ.

ಕಾಲೇಜು ಮುಗಿಸಿದ ಮೇಲೆ ಒಂದು ಪ್ರಕಾಶನದಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿ ಇಪ್ಪತ್ತೊಂಬತ್ತು ವರ್ಷ ಕಳೆದೆ. ಅಲ್ಲಿ ಎಲ್ಲರಿಗೂ ನಾನು ಕರಡಮ್ಮ. ನಿವೃತ್ತಿಯಾದ ಆರು ವರ್ಷದ ಮೇಲೆ ಆ ಮೆಟ್ಟಿಲನ್ನು ಮತ್ತೆ ಹತ್ತಿದ್ದು ಸೊಸೆಗಾಗಿ.

ಸೊಸೆಗೆ ಔಷಧಿ ಅಂಗಡಿಯಲ್ಲಿ ಕೆಲಸ. ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ಮಾತ್ರೆ ಡಬ್ಬಗಳ ಹಿಂದೆ ನೋಟ್‌ಬುಕ್ ಇಟ್ಟುಕೊಂಡು, ನಾಲ್ಕು ವರ್ಷ ಕೂತು ಒಂದು ಕಾದಂಬರಿ ಬರೆದಿದ್ದಳು. ಮೂವರು ಪ್ರಕಾಶಕರು ವಾಪಸು ಕಳಿಸಿದ್ದರು. "ಮನೆಯೊಳಗಿನ ಕಥೆ, ಯಾರು ಓದುತ್ತಾರೆ?" ಎಂದು ಒಬ್ಬರು ಬರೆದಿದ್ದರು. ಯಾರು ಓದುತ್ತಾರೆ! ಹುಲಿಯ ಬಾಯಿಗೆ ಬೀಳುವವರು ಎಷ್ಟು ಜನ? ಮನೆಯಲ್ಲಿ ಬದುಕುವವರು ಎಲ್ಲರೂ. ನಾವೇ ಇಟ್ಟ ಚಾಕು ಇಟ್ಟ ಜಾಗದಲ್ಲಿ ಇಲ್ಲ ಎಂದಾಗ ಎದೆ ಹೊಡೆದುಕೊಳ್ಳುತ್ತದಲ್ಲ, ಅದಕ್ಕೆ ಹುಲಿ ಬೇಕಿಲ್ಲ.

"ಇಲ್ಲೂ ಬೇಡ ಅಂದ್ರೆ ನೋಟ್‌ಬುಕ್ಕೆಲ್ಲ ರದ್ದಿಗೆ ಹಾಕ್ತೀನಿ ಅತ್ತೆ," ಎಂದಿದ್ದಳು. ಅವಳು ಹೇಳಿದ್ದನ್ನು ಮಾಡುವ ಹೆಣ್ಣು. ಅದೇ ನನಗೆ ಭಯ.

ಕಥೆ ಇಷ್ಟು. ಒಬ್ಬ ಹೆಂಡತಿ. ಅವಳ ಮನೆಯಲ್ಲಿ ವಸ್ತುಗಳು ಮಾಯವಾಗುತ್ತವೆ. ಒಮ್ಮೆ ಕನ್ನಡಕ, ಒಮ್ಮೆ ಬೀಗದ ಕೈ. ದಿನವೂ ನುಂಗುವ ಮಾತ್ರೆಯ ಬಣ್ಣ ಒಂದು ದಿನ ಕೊಂಚ ಬೇರೆಯಾಗಿ ಕಾಣುತ್ತದೆ. "ನಿನಗೆ ಮರೆವು ಕಣೇ," ಎನ್ನುತ್ತಾನೆ ಗಂಡ, ಬಲು ಪ್ರೀತಿಯಿಂದ. ಬಾಗಿಲ ಸಂದಿಯಲ್ಲಿ ಮಾತಿಲ್ಲದ ಅತ್ತೆ ನಿಂತಿರುತ್ತಾಳೆ. ಹೆಂಡತಿಗೆ ತನ್ನ ತಲೆಯ ಮೇಲೇ ಅನುಮಾನ ಹುಟ್ಟುತ್ತದೆ. ಕೊನೆಯ ಅಧ್ಯಾಯವನ್ನು ಮಾತ್ರ ಸೊಸೆ ನನಗೂ ತೋರಿಸಿರಲಿಲ್ಲ.

"ಅಲ್ಲ ಕಣೇ, ನಿನ್ನ ಕಥೆಯ ಅತ್ತೆ ಕದ್ದು ನೋಡ್ತಾಳೆ, ಕನ್ನಡಕ ಎಗರಿಸೋಳೂ ಅವಳೇ ಅನ್ಸುತ್ತೆ. ನಾಳೆ ಜನ ನನ್ನ ನೋಡಿ ದೂರ ಸರೀತಾರೆ!"

"ಒಳ್ಳೇದೇ ಆಯ್ತಲ್ಲ ಅತ್ತೆ, ಬಸ್ಸಲ್ಲಿ ಸೀಟು ಸಿಗುತ್ತೆ."

ಪ್ರಕಾಶನದ ಯಜಮಾನರದ್ದು ಒಂದು ಪದ್ಧತಿ. ಇಂಥ ಕಾದಂಬರಿ ಬಂದರೆ ಕೊನೆಯ ಅಧ್ಯಾಯ ಬಿಟ್ಟು ಉಳಿದದ್ದನ್ನೆಲ್ಲ ಓದುತ್ತಾರೆ. ಗುಟ್ಟು ಏನೆಂದು ಊಹಿಸಿ ಒಂದು ಚೀಟಿಯಲ್ಲಿ ಬರೆದು ಲಕೋಟೆಗೆ ಹಾಕುತ್ತಾರೆ. ಪುಸ್ತಕ ಹೊಲಿಯುವ ಬೈಂಡರಮ್ಮ ಅದಕ್ಕೆ ಅಂಟು ಬಳಿದು ತನ್ನ ಬಳಿ ಇಟ್ಟುಕೊಳ್ಳುತ್ತಾಳೆ. ಆಮೇಲೆ ಬರೆದವರನ್ನು ಕರೆಸಿ, ಅವರೆದುರಿಗೇ ಕೊನೆಯ ಅಧ್ಯಾಯವನ್ನು ಗಟ್ಟಿಯಾಗಿ ಓದಿ, ಲಕೋಟೆ ಒಡೆಯುವುದು. ಊಹೆ ಸರಿಯಿದ್ದರೆ ಹಸ್ತಪ್ರತಿ ವಾಪಸು. "ನನಗೆ ಮೊದಲೇ ಗೊತ್ತಿತ್ತು" ಎಂಬುದು ಅವರ ಬಾಯಿಪಾಠ. ಬೆನ್ನ ಹಿಂದೆ ಎಲ್ಲರೂ ಅವರನ್ನು ಗೊತ್ತಪ್ಪ ಎನ್ನುತ್ತಾರೆ. ಒಂಬತ್ತು ವರ್ಷದಿಂದ ಅವರನ್ನು ಸೋಲಿಸಿದವರಿರಲಿಲ್ಲ.

ಆ ದಿನ ಮೇಲಿನ ಕೋಣೆಯಲ್ಲಿ ನಾವು ನಾಲ್ವರು. ಸೊಸೆ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಬೆಳಿಗ್ಗೆಯಿಂದ ಅವಳ ಹೊಟ್ಟೆಗೆ ನೀರು ಬಿಟ್ಟು ಬೇರೇನೂ ಇಳಿದಿರಲಿಲ್ಲ. ಬೈಂಡರಮ್ಮ ಅವಳ ಕುರ್ಚಿಯನ್ನು ಫ್ಯಾನಿನ ಕೆಳಕ್ಕೆ ಸದ್ದಿಲ್ಲದೆ ಎಳೆದಳು.

"ಕರಡಮ್ಮ, ಸೊಸೆ ಅಂತ ನಾನು ರಿಯಾಯಿತಿ ಕೊಡಲ್ಲ," ಎಂದರು ಯಜಮಾನರು.

"ಕೇಳಿದೋರು ಯಾರು? ನೀವು ಓದಿ."

ಓದತೊಡಗಿದರು. ಮೊದಲ ಪುಟದಲ್ಲಿ ಅವರ ದನಿ ಸಂತೆಯಲ್ಲಿ ಕೂಗುವವರ ಹಾಗಿತ್ತು. ಮೂರನೆಯ ಪುಟಕ್ಕೆ ಬರುವಾಗ ತಗ್ಗಿತು. ಕಥೆಯಲ್ಲಿ ಅತ್ತೆ ಮೊದಲ ಬಾರಿಗೆ ಬಾಯಿ ತೆರೆದಿದ್ದಳು. ಅವಳ ಮಗ ಹಿಂದಿನ ಹೆಂಡತಿಯನ್ನೂ ಹೀಗೇ ಹುಚ್ಚಿಯೆಂದು ನಂಬಿಸಿ, ಅವಳ ಮನೆಯನ್ನು ಬರೆಸಿಕೊಂಡು, ಬೀದಿಗೆ ಅಟ್ಟಿದ್ದ. ಆಗ ತಾಯಿ ಸುಮ್ಮನಿದ್ದಳು. ಈ ಸಲ ಸುಮ್ಮನಿರಲಿಲ್ಲ. ಮಗ ಕಾಗದಕ್ಕೆ ಸಹಿ ಹಾಕಿಸಲು ಬಂದ ದಿನ ಸೊಸೆ ಅದನ್ನು ಓದಲಾರದೆ, ಸಹಿ ಹಾಕಲಾರದೆ ಇರಲೆಂದು ಕನ್ನಡಕ ಅಡಗಿಸಿದವಳು ಅವಳು. ಸೊಸೆಯನ್ನು ಹೊರಗೆ ಹಾಕಿ ಬೀಗ ಜಡಿದು, ಹುಚ್ಚಿ ಮನೆಬಿಟ್ಟು ಹೋದಳು ಎಂದು ಅವನು ಸುದ್ದಿ ಹಬ್ಬಿಸದಿರಲೆಂದು ಬೀಗದ ಕೈ ತೆಗೆದಿಟ್ಟವಳೂ ಅವಳೇ. ಮಗ ಡಬ್ಬಿಗೆ ಹಾಕಿಟ್ಟಿದ್ದ ಮಂಪರು ತರುವ ಮಾತ್ರೆಗಳನ್ನು ತೆಗೆದು, ಅದೇ ಗಾತ್ರದ ಸಾಧಾರಣ ಮಾತ್ರೆಗಳನ್ನು ತುಂಬಿದ್ದಳು. ಇಡೀ ಪುಸ್ತಕದಲ್ಲಿ ನಾವು ಹೆದರಿದ್ದೆಲ್ಲ ಒಬ್ಬ ಮುದುಕಿಯ ಕಾವಲು.

ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ. ವಯಸ್ಸಾದ ಮೇಲೆ ಕಣ್ಣಿಗೆ ನೆಪ ಬೇಕಿಲ್ಲ ನಿಜ, ಆದರೆ ಅವತ್ತು ಕಾರಣವಿತ್ತು.

"ಲಕೋಟೆ," ಎಂದರು ಯಜಮಾನರು. ದನಿ ಸಣ್ಣದಾಗಿತ್ತು.

ಬೈಂಡರಮ್ಮ ಅಂಚು ಹರಿದು ಚೀಟಿ ತೆಗೆದಳು. ಕಣ್ಣಾಡಿಸಿದವಳ ಮುಖ ಇಳಿಯಿತು. ಓದಿದಳು: "ಅತ್ತೆ."

ಸೊಸೆ ಮೇಜಿನ ಮೇಲಿದ್ದ ನೋಟ್‌ಬುಕ್ಕುಗಳನ್ನು ಒಂದರ ಮೇಲೊಂದು ಜೋಡಿಸತೊಡಗಿದಳು. ರದ್ದಿಗೆ ಕಟ್ಟುವವಳ ಹಾಗೆ ಅಂಚುಗಳನ್ನು ಸಮ ಮಾಡಿದಳು.

ಆಗ ಯಜಮಾನರು ಸುಮ್ಮನಿರಬಹುದಿತ್ತು. ಚೀಟಿಯಲ್ಲಿ ಏನಿದೆಯೆಂದು ಅವರಿಗಲ್ಲದೆ ಇನ್ಯಾರಿಗೆ ಗೊತ್ತು? ಒಂಬತ್ತು ವರ್ಷದ ಹೆಸರು ಉಳಿಯುತ್ತಿತ್ತು. ಆದರೂ ಕೆಮ್ಮಿ ಗಂಟಲು ಸರಿಮಾಡಿಕೊಂಡು ಹೇಳಿದರು: "ಮಡಿಕೆ ಬಿಚ್ಚಮ್ಮ. ಕೆಳಗೆ ಇನ್ನೂ ಇದೆ."

ಬೈಂಡರಮ್ಮ ಬಿಚ್ಚಿದಳು. "'ಸೊಸೆಗೆ ಹುಚ್ಚು ಹಿಡಿಸಿ ಮನೆಯಿಂದ ಓಡಿಸಲು, ಮಗನ ಜೊತೆ ಸೇರಿ ಅತ್ತೆ ಆಡಿದ ಆಟ.'" ಮತ್ತೊಮ್ಮೆ ಓದಿದಳು. ಆಮೇಲೆ ಚೀಟಿಯನ್ನು ಬಾವುಟದ ಹಾಗೆ ಎತ್ತಿ ಹಿಡಿದು, ಮೆಟ್ಟಿಲ ಬಳಿಗೆ ಓಡಿ ಕೆಳಗೆ ಕೂಗಿದಳು: "ಸೋತ್ರು! ಯಜಮಾನ್ರು ಸೋತ್ರು ಕಣ್ರೋ! ಕರಡಮ್ಮನ ಸೊಸೆ ಗೆದ್ಲು!"

ಕೆಳಗೆ ಯಂತ್ರ ನಿಂತಿತು. ಯಾರೋ ಶಿಳ್ಳೆ ಹಾಕಿದರು, ಯಾರೋ ತಗಡಿನ ಡಬ್ಬ ಬಡಿದರು. ಹಬ್ಬಿದ ಕೂಗು ಮೆಟ್ಟಿಲು ಹತ್ತಿ ಬಂದು ಕೋಣೆ ತುಂಬಿತು. ಸೊಸೆ ನನ್ನ ಹೆಗಲಿಗೆ ಮುಖ ಒತ್ತಿ ನಕ್ಕಳು, ಅತ್ತಳು, ಮತ್ತೆ ನಕ್ಕಳು.

"ಏನೇ, ನನ್ನನ್ನ ಇಷ್ಟು ಒಳ್ಳೆಯವಳನ್ನಾಗಿ ಮಾಡಿದ್ದೀಯ?"

"ನಿಮ್ಮನ್ನಲ್ಲ ಅತ್ತೆ. ನೀವು ಕನ್ನಡಕ ಬಚ್ಚಿಟ್ರೆ ಎಲ್ಲಿಟ್ಟೆ ಅಂತ ನಿಮಗೇ ಮರೆತುಹೋಗುತ್ತೆ."

ಯಜಮಾನರಿಗೆ ಈ ಗದ್ದಲ ಕೇಳಿಸಿದಂತಿರಲಿಲ್ಲ. ಅವರು ಆಗಲೇ ಮೊದಲ ನೋಟ್‌ಬುಕ್ ತೆರೆದು, ಬೆರಳು ಇಟ್ಟುಕೊಂಡು ಹುಡುಕುತ್ತಿದ್ದರು.

"ಇಲ್ಲೇ ಇದೆಯಲ್ರೀ! ಕನ್ನಡಕ ಹೋದ ದಿನವೇ ಗಂಡ ಕಾಗದ ತರ್ತಾನೆ. ಕಣ್ಣೆದುರಿಗೇ ಇಟ್ಟಿದ್ದಾಳೆ, ನಾನು ದಾಟ್ಕೊಂಡು ಹೋಗಿದ್ದೀನಿ." ಅವರ ಮುಖದಲ್ಲಿ ಸೋತವರ ಕಳೆ ಇರಲಿಲ್ಲ. ಮಿಠಾಯಿ ಡಬ್ಬದ ಮುಚ್ಚಳ ತೆಗೆದ ಮಗುವಿನ ಹಾಗಿದ್ದರು. "ಎಲ್ಲರೂ ಎರಡೆರಡು ಸಲ ಓದ್ತಾರೆ ಇದನ್ನ. ಮೊದಲ್ನೇ ಸಲ ಹೆದರ್ತಾರೆ, ಎರಡ್ನೇ ಸಲ ಆ ಮುದುಕಿಗೆ ಕೈ ಮುಗೀತಾರೆ. ಮುಂದಿನ ತಿಂಗಳೇ ಅಚ್ಚಿಗೆ ಕೊಡೋಣ. ಕರಡಮ್ಮ, ಕರಡು ನೀವೇ ನೋಡ್ಬೇಕು."

"ಇನ್ಯಾರು ನೋಡ್ತಾರೆ?" ಎಂದೆ.

ಸೊಸೆ ಕುರ್ಚಿಯಲ್ಲಿ ಈಗ ಪೂರ್ತಿ ಒರಗಿ ಕೂತಿದ್ದಳು. ಅವಳ ಹೊಟ್ಟೆ ಗುರ್ರೆಂದಿತು. ನಾಚಿಕೆಯಿಂದ ಕೈ ಅಡ್ಡ ಇಟ್ಟುಕೊಂಡಳು. ಯಜಮಾನರು ಪುಟ ತಿರುವಿದರು. ಕಣ್ಣು ಸಾಲಿನಿಂದ ಏಳಲಿಲ್ಲ. ಎಡಗೈ ಮಾತ್ರ ಮೇಜಿನ ಪಕ್ಕಕ್ಕೆ ಇಳಿದು, ತಮಗೆಂದು ಮನೆಯಿಂದ ಬಂದಿದ್ದ ಊಟದ ಡಬ್ಬಿಯನ್ನು ಎತ್ತಿ, ಮುಚ್ಚಳ ಸಡಿಲಿಸಿ, ಅವಳ ಮುಂದಕ್ಕೆ ಸರಿಸಿತು.