ಬಿಂದಿಗೆ ನೀರು

ಸುತ್ತಿಗೆಯ ಮೊದಲ ಏಟಿಗೆ ಅಂಗಳದ ಕಾಂಕ್ರೀಟು ಜಪ್ಪಯ್ಯ ಎಂದರೂ ಅಲುಗಲಿಲ್ಲ. ಸೊಸೆಯ ಮೊಣಕೈ ಮಾತ್ರ ಜುಮ್ಮೆಂದಿತು. ಎರಡನೇ ಏಟಿಗೆ ಮಾವ ಬಾಯಲ್ಲಿ ಹಲ್ಲುಪುಡಿಯ ನೊರೆಯೊಂದಿಗೇ ಓಡಿ ಬಂದರು.

"ಏನಮ್ಮಾ ಇದು? ತಲೆಗಿಲೆ ಕೆಟ್ಟಿದೆಯಾ?"

"ತಲೆ ಸರಿಯಾಗೇ ಇದೆ ಮಾವ. ನಿನ್ನೆ ಕೆಳಗಿನ ಮನೆಗೆ ಹೋಗಿ ನೋಡಿದ್ರಾ ನೀವು?"

ಅವರು ನೋಡಿರಲಿಲ್ಲ, ಅವಳು ನೋಡಿದ್ದಳು. ನಿನ್ನೆಯ ಮಳೆಗೆ ಈ ಅಂಗಳದ ನೀರೆಲ್ಲ ಗೇಟು ದಾಟಿ, ರಸ್ತೆ ದಾಟಿ, ತಗ್ಗಿನಲ್ಲಿದ್ದ ಹೊಲಿಗೆಯವಳ ಮನೆಗೆ ನುಗ್ಗಿತ್ತು. ಗಿರಾಕಿಗಳ ಬಟ್ಟೆಗಳು ಕೆಸರಿನಲ್ಲಿ ತೇಲುತ್ತಿದ್ದವು. ಹೊಲಿಗೆಯವಳು ಬೈಯಲಿಲ್ಲ. ಒಂದು ಬಕೆಟ್ಟು ಕೈಗಿತ್ತು, "ತುಂಬ್ಕೊಂಡು ಹೋಗು, ನಿಮ್ಮನೆ ನೀರೇ" ಎಂದಳು. ಸೊಸೆಗೆ ನಾಚಿಕೆಯಿಂದ ಭೂಮಿಗಿಳಿದು ಹೋದಂತಾಗಿತ್ತು.

ಮಾವ ಗಾರೆ ಮೇಸ್ತ್ರಿ. ಈ ಅಂಗಳವೇ ಅವರ ಬೋರ್ಡು. ಕೆಲಸ ಕೊಡಲು ಬಂದವರನ್ನು ಕೂರಿಸುವ ಮೊದಲೇ ಹೊಸ್ತಿಲ ಮುಂದೆ ಒಂದು ಬಿಂದಿಗೆ ನೀರು ಸುರಿದು ತೋರಿಸುವರು. ನೀರು ಎಲ್ಲೂ ತಂಗದೆ ಗೇಟಿನತ್ತ ಓಡುವುದು. "ಒಂದು ಹನಿ ನಿಂತ್ರೆ ಮೀಸೆ ಬೋಳಿಸ್ತೀನಿ" ಎನ್ನುವರು. ಮೀಸೆ ಈವರೆಗೂ ಕ್ಷೇಮವಾಗಿತ್ತು. ಗೇಟಿನಾಚೆ ಆ ನೀರಿನ ಕಥೆ ಏನೆಂದು ಯಾರೂ ಕೇಳಿರಲಿಲ್ಲ.

"ಮುಂದಿನ ವಾರ ಆಸ್ಪತ್ರೆಯವರು ತಮ್ಮ ಅಂಗಳದ ಕೆಲಸ ಕೊಡೋ ಮುಂಚೆ ಇದನ್ನೇ ನೋಡೋಕೆ ಬರ್ತಾರೆ. ನನ್ನ ಹೊಟ್ಟೆ ಮೇಲೆ ಹೊಡೀಬೇಡ!"

"ಅವಳ ಹೊಟ್ಟೆ ಮೇಲೆ ಹೊಡೆದಾಯ್ತಲ್ಲ ಮಾವ."

ಗಂಡ ಬಾಗಿಲಲ್ಲಿ ನಿಂತು, "ಅಪ್ಪ ಹೇಳೋದೂ ಸರಿ, ನೀನು ಹೇಳೋದೂ..." ಎಂದು ರಾಗ ಎಳೆದ. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವನದು ಎತ್ತಿದ ಕೈ.

"ಹಾರೆ ತಗೊಂಡ್ ಬನ್ನಿ, ಇಲ್ಲಾ ಒಳಗೆ ಹೋಗಿ" ಎಂದಳು.

ಅವನು ಒಳಗೆ ಹೋದ. ಸ್ವಲ್ಪ ಹೊತ್ತಿಗೆ ಹಾರೆ ಹಿಡಿದು ಬಂದ.

ನಡೆಯಲು ಒಂದು ಪಟ್ಟಿ ಬಿಟ್ಟು ಉಳಿದದ್ದೆಲ್ಲ ಕಿತ್ತರು. ಕೆಳಗೆ ಉಸಿರುಗಟ್ಟಿ ಬಿದ್ದಿದ್ದ ಮಣ್ಣನ್ನು ಅಗೆದು ಸಡಿಲಿಸಿ ಜಲ್ಲಿ ಬೆರೆಸಿದರು. ಅಂಗೈಯ ಬೊಬ್ಬೆ ಒಡೆದರೂ ಸೊಸೆ ಸುತ್ತಿಗೆ ಕೆಳಗಿಡಲಿಲ್ಲ. ಅಷ್ಟೂ ದಿನ ಮಾವ ಮಾತು ಬಿಟ್ಟರು. ಊಟಕ್ಕೆ ಕೂತರೆ ಗೋಡೆಯ ಕಡೆ ತಿರುಗಿ, "ನೀರು ಬೇಕು" ಎನ್ನುವರು. ಗೋಡೆ ಕೊಡುತ್ತಿರಲಿಲ್ಲ, ಸೊಸೆಯೇ ಕೊಡುತ್ತಿದ್ದಳು.

ಆಸ್ಪತ್ರೆಯ ಮ್ಯಾನೇಜರು ಬಂದವರೇ ಗೇಟಿನಲ್ಲಿ ತಬ್ಬಿಬ್ಬಾದರು. "ಏನ್ ಮೇಸ್ತ್ರಿ, ಅಂಗಳ ಎಲ್ಲಿ?"

ಸೊಸೆ ಬಿಂದಿಗೆ ತಂದು ಹೊಸ್ತಿಲ ಮುಂದೆ ಸುರಿದಳು. ನೀರು ಪಟ್ಟಿಯ ಅಂಚಿನವರೆಗೆ ಓಡಿ, ಜಲ್ಲಿಯೊಳಗೆ ಇಳಿದು ಹೋಯಿತು. ಮ್ಯಾನೇಜರು ಬಗ್ಗಿ ಕಾಲಬುಡ ನೋಡಿಕೊಂಡರು. ಗೇಟಿಗೆ ಒಂದು ಹನಿಯೂ ಬಂದಿರಲಿಲ್ಲ.

"ನಿಮ್ಮ ಆಸ್ಪತ್ರೆ ಕೆಳಗೆ ಯಾರ ಮನೆ ಇದೆ ಸಾರ್?" ಎಂದು ಕೇಳಿದಳು ಸೊಸೆ.

ಅವರಿಗೆ ಗೊತ್ತಿರಲಿಲ್ಲ. ರಸ್ತೆಯಾಚೆ ಹೊಲಿಗೆ ಯಂತ್ರ ಟಕಟಕ ಓಡುತ್ತಿತ್ತು. ಮಾವ ಕುಕ್ಕರುಗಾಲಲ್ಲಿ ಕೂತು, ಒದ್ದೆ ಮಣ್ಣಿನ ಮೇಲೆ ಅಂಗೈ ಊರಿ ನೋಡಿದರು. ಆಮೇಲೆ ತಲೆಯೆತ್ತಿದರು, ಗೋಡೆಯ ಕಡೆಗಲ್ಲ.

"ಇನ್ನೊಂದು ಬಿಂದಿಗೆ ತಾರಮ್ಮ."