ಅಲಮೇಲಮ್ಮನ ಪಾಲಿನ ಪ್ರಿನ್ಸಿಪಾಲರು

ಗಂಡನ ಚಟ್ಟ ಇನ್ನೇನು ಹೊಸಿಲು ದಾಟಬೇಕು, ಅಷ್ಟರಲ್ಲಿ ಅಲಮೇಲಮ್ಮ ಬಾಗಿಲಿಗೆ ಅಡ್ಡ ನಿಂತುಬಿಟ್ಟರು. ಹೆಗಲು ಕೊಟ್ಟಿದ್ದ ನಾಲ್ವರೂ ಗಕ್ಕನೆ ನಿಂತರು. ಮುಂಬಯಿ ಬೊರಿವಲಿಯ ಆ ಬಿಲ್ಡಿಂಗಿನ ಮೆಟ್ಟಿಲ ಮೇಲೆ ಎಷ್ಟು ಜನ ಒತ್ತಿ ನಿಂತಿದ್ದರೆಂದರೆ, ಮಾಳಿಗೆಯಲ್ಲಿ ಒಬ್ಬ ಸೀನಿದರೆ ಬೀದಿಯಲ್ಲಿ ನಿಂತವನ ಟೋಪಿ ಹಾರುತ್ತಿತ್ತು.

"ಎಲ್ಲಿಗೆ ಒಯ್ತಿದ್ದೀರಿ ಇವರನ್ನ?"

"ಕಾಲೇಜಿಗ್ರೀ ಅಮ್ಮಾರ," ಎಂದ ಕಾಶಪ್ಪ. ಗುಲ್ಬರ್ಗದ ಕಡೆಯಿಂದ ಕಲ್ಲು ಹೊರಲು ಬಂದವನು, ಈಗ ಚಟ್ಟದ ಮೇಲಿರುವ ಪ್ರಿನ್ಸಿಪಾಲ್ ರಾಮಸ್ವಾಮಿಯವರ ರಾತ್ರಿ ಕಾಲೇಜಿನಲ್ಲಿ ಬಿ.ಎ. ಮಾಡಿ, ಈಗ ಅದರ ಕಮಿಟಿಗೇ ಸೆಕ್ರೆಟರಿ. "ಅಲ್ಲೇ ಪಾರ್ಲೆದಾಗ ಮಂದಿ ಕಾಯಾಕ ಹತ್ಯಾರ. ದರ್ಶನ ಮುಗಿಸಿ ಹಂಗ ಸೀದಾ ಸ್ಮಶಾನಕ್ಕ."

"ಮನೆಗೆ ವಾಪಸ್ ಕರ್ಕೊಂಡು ಬರ್ತೀರಾ?"

"ಹೊಸಿಲು ದಾಟಿದ ಮೇಲೆ ತರೋ ಹಾಗಿಲ್ಲ ಅತ್ತಿಗೆ," ಎಂದರು ಮೈದುನ ಸತ್ಯಮೂರ್ತಿ. "ಶಾಸ್ತ್ರ."

"ಹಾಗಾದ್ರೆ ಸ್ವಲ್ಪ ಹೊತ್ತು ಬಿಡಿ. ನಾನೂ ಅವರೂ ಇಬ್ರೇ. ಆಮೇಲೆ ದಿಲ್ಲಿಗಾದ್ರೂ ಒಯ್ಯಿರಿ."

"ಟೈಮ್ ಇಲ್ರೀ. ಟ್ರಕ್ ಕೆಳಗ ಖಡಾ ನಿಂತೈತಿ."

ಬೆಳಿಗ್ಗೆ ಆಸ್ಪತ್ರೆಯಿಂದ ತಂದಾಗಿನಿಂದ ಆ ಎರಡು ಕೋಣೆಯಲ್ಲಿ ಅರ್ಧ ಮುಂಬಯಿ ತುಂಬಿತ್ತು. ಹೆಂಡತಿಗೆ ಸಿಕ್ಕಿದ್ದು ಗಂಡನ ಕಾಲಿನ ಹೆಬ್ಬೆರಳು ಮಾತ್ರ.

*

ಬದುಕಿದ್ದಾಗಲೂ ಅಷ್ಟೇ. ಹಗಲು ಒಂದು ಕಾಲೇಜು, ರಾತ್ರಿ ತಾವೇ ಕಟ್ಟಿದ ಇನ್ನೊಂದು. ಹೋಟೆಲ್ ಮಾಣಿ, ಇಟ್ಟಿಗೆ ಹೊರುವವನು, ಲೋಕಲ್ ರೈಲಿನಲ್ಲಿ ಕಡಲೆ ಮಾರುವವನು, ಕಣ್ಣಿಗೆ ಬಿದ್ದವರನ್ನೆಲ್ಲ ರಟ್ಟೆ ಹಿಡಿದು ಬೆಂಚಿನ ಮೇಲೆ ಕೂರಿಸಿದರು ರಾಮಸ್ವಾಮಿ. ಅವರ ಕೈಗೆ ಸಿಕ್ಕ ಕಾಗೆಯೂ ಬಿ.ಎ. ಮಾಡದೆ ಪಾರ್ಲೆ ಬಿಟ್ಟು ಹಾರಿದ್ದಿಲ್ಲ.

"ನಿಮ್ಮ ಹತ್ರ ಸ್ವಲ್ಪ ಮಾತಾಡಬೇಕಿತ್ತು," ಎಂದರೆ, "ಭಾನುವಾರ, ಅಲಮೇಲು," ಎನ್ನುವರು. ಭಾನುವಾರ ದಹಿಸರಿನ ಕಲ್ಲುಗಣಿಗೆ ಹುಡುಗರನ್ನು ಹಿಡಿಯಲು ಹೋಗುವರು.

"ಅರವತ್ತೆಂಟನೇ ಇಸವಿಯಿಂದ ಕಾಯ್ತಿದ್ದೀನಿ. ಯಾವ ಭಾನುವಾರ?"

"ರಿಟೈರ್ ಆಗ್ಲಿ ತಾಳು."

ಎಪ್ಪತ್ತೈದನೇ ಇಸವಿಯಲ್ಲಿ ರಿಟೈರಾದರು. ಮರುದಿನವೇ ಕಮಿಟಿಯವರು ಟ್ಯಾಕ್ಸಿ ತಂದು ವಾಪಸ್ ಒಯ್ದರು.

*

ಬಾಗಿಲ ಚೌಕಟ್ಟು ಹಿಡಿದಿದ್ದ ಕೈಗಳನ್ನು ಬಿಡಿಸಲು ಯಾರಿಂದಲೂ ಆಗಲಿಲ್ಲ. ಆಗ ಜನರ ಕಂಕುಳಡಿ ನುಸುಳಿ ಬಂದಳು ಗುರುಬಾಯಿ. ಹಗಲು ಗಾರೆ ಕೆಲಸ, ರಾತ್ರಿ ರಾಮಸ್ವಾಮಿಯವರ ಕ್ಲಾಸು.

"ಅಕ್ಕಾ, ನೀವೂ ಟ್ರಕ್ ಏರ್ರಿ."

"ಹೆಂಗಸರು ಸ್ಮಶಾನಕ್ಕೆ ಬರಬಾರದು!" ಎಂದು ಸತ್ಯಮೂರ್ತಿ ಕೂಗಿದರು.

"ಕಾಲೇಜು ಯಾವಾಗ ಸುಡುಗಾಡ ಆತ್ರಿ, ಸಾಹೇಬ್ರ?"

ಅಲಮೇಲಮ್ಮ ಚೌಕಟ್ಟು ಬಿಟ್ಟು, ಗುರುಬಾಯಿಯ ಕೈ ಹಿಡಿದು ಟ್ರಕ್ಕು ಏರಿದರು.

ಕಾಲೇಜಿನ ದೊಡ್ಡ ಕೋಣೆಯಲ್ಲಿ ಮೇಜು ಜೋಡಿಸಿ ಮಲಗಿಸಿದರು. ದಾದರಿನ ಹೂವಿನ ಬಜಾರೇ ಎದ್ದು ಬಂದಂತೆ ಹಾರದ ಮೇಲೆ ಹಾರ. ಎದೆ ಮುಚ್ಚಿತು, ಗದ್ದ ಮುಚ್ಚಿತು, ಮುಖವೂ ಮುಚ್ಚಿತು. ಮೂಲೆಯಲ್ಲಿ ಕುಳಿತ ಅಲಮೇಲಮ್ಮನಿಗೆ ಗಂಡ ಕಾಣುವುದೇ ನಿಂತುಹೋಯಿತು.

"ಈಗ ಶ್ರದ್ಧಾಂಜಲಿ ಭಾಷಣ..." ಎಂದು ಕಾಶಪ್ಪ ಗಂಟಲು ಸರಿಮಾಡಿದ.

"ಎಲ್ಲ ಹೊರಗೆ ಹೋಗಿ," ಎಂದರು ಅಲಮೇಲಮ್ಮ.

ಯಾರೂ ಅಲುಗಲಿಲ್ಲ. ಗುರುಬಾಯಿ ಕೋಳಿ ಅಟ್ಟುವವಳಂತೆ ಕೈ ತಟ್ಟಿದಳು. "ಕಿವಿ ಕೇಳವಲ್ದೇನು? ನಡ್ರೀ! ಕಾಶಪ್ಪಣ್ಣ, ನೀನೂ!"

ಕೋಣೆ ಖಾಲಿಯಾಯಿತು. ಅಲಮೇಲಮ್ಮ ಒಳಗಿನಿಂದ ಚಿಲಕ ಹಾಕಿದರು.

ಹೊಟ್ಟೆಯಲ್ಲಿ ಅರಬ್ಬೀ ಸಮುದ್ರದಷ್ಟು ಮಾತಿತ್ತು. ಎಲ್ಲಿಂದ ಶುರು ಮಾಡುವುದು? ಮೊದಲು ಮುಖ ಕಾಣಲಿ ಎಂದು ಹಾರ ತೆಗೆದರು. ಅಡಿಯಲ್ಲಿ ಇನ್ನೊಂದು. ಅದನ್ನೆಸೆದರೆ ಮತ್ತೊಂದು. ನೆಲಕ್ಕೆ ಬಿದ್ದ ಚೆಂಡುಹೂವು ಅಲಮೇಲಮ್ಮನ ಪಾದ ಮುಚ್ಚಿತು, ಮೊಣಕಾಲಿಗೆ ಬಂತು.

"ಅಮ್ಮಾರ! ಮಂದಿ ಗದ್ದಲ ಮಾಡಾಕ ಹತ್ಯಾರ!" ಕಾಶಪ್ಪ ಬಾಗಿಲು ದಡದಡ ಬಡಿದ.

ಅಲಮೇಲಮ್ಮ ಎರಡೂ ಕೈಯಿಂದ ಬಾಚಿ ಬಾಚಿ ಎಸೆದರು. ಕೊನೆಗೆ ಗಂಡನ ಒಂದು ಅಂಗೈ ಸಿಕ್ಕಿತು, ಹೂವಿನ ನೀರಿಗೆ ಒದ್ದೆಯಾಗಿ, ತಣ್ಣಗೆ. ಸೆರಗಿನಿಂದ ಒರೆಸಿದರು. ಬೆರಳ ಸಂದಿಯೆಲ್ಲ ಒರೆಸಿದರು. ಚಿಲಕ ಕುಣಿಯುತ್ತಿತ್ತು, ಅವರು ಒರೆಸುತ್ತಲೇ ಇದ್ದರು.