ಗೋಡಿನ ಮೊದಲ ಲೋಡು

ಮೇಘಶ್ರೀ ಪರೀಕ್ಷೆಗೆಂದು ತೋಡಿಸಿದ್ದ ಗುಂಡಿಗಿಳಿದು ಒಂದು ಹಿಡಿ ಮಣ್ಣು ಕಿತ್ತಳು. ನೀರು ಚಿಮುಕಿಸಿ ಕಲಸಿ, ಹೆಬ್ಬೆರಳಿನಿಂದ ಒತ್ತಿದಳು. ಮಣ್ಣು ಪಟ್ಟಿಯಾಗಿ ಹೊರಬಂದು ಬೆರಳುದ್ದ ಇಳಿಬಿದ್ದರೂ ತುಂಡಾಗಲಿಲ್ಲ. ಮಣ್ಣಿನ ಸರ್ವೆಗೆಂದು ಬಾಣಾವರದ ಕಡೆಯ ತೋಟಗಳನ್ನು ಸುತ್ತುತ್ತಿದ್ದ ಹುಡುಗಿ ಅವಳು. ಈ ತೆಂಗಿನ ತೋಟದ ಯಜಮಾನ ಗಂಗಾಧರಪ್ಪ ದಡದಲ್ಲಿ ಕುಕ್ಕರುಗಾಲಲ್ಲಿ ಕೂತು ನೋಡುತ್ತಿದ್ದರು.

"ಇದು ಜೇಡಿ ಸರ್. ಕಪ್ಪುಗೆಂಪು ಜೇಡಿ."

"ಕೆಮ್ಮಣ್ಣು ಕಣವ್ವ. ನೀರು ನಿಲ್ಲಲ್ಲ ಅಂತ್ಲೇ ವರ್ಷಾವರ್ಷ ಕೆರೆಗೋಡು ಹೊಡಿಸ್ತೀವಿ."

"ಮರಳು ಸೇರಿರೋ ಕೆಂಪಾದ್ರೆ ಗೋಡು ಒಳ್ಳೇದು. ಇದು ಮೊದ್ಲೇ ಜಿಗುಟು. ಇದರ ಮೇಲೆ ಹೂಳು ಹಾಕಿದ್ರೆ ನೀರು ಅಲ್ಲೇ ನಿಲ್ಲುತ್ತೆ." ಅವಳು ಗುಂಡಿಯ ಗೋಡೆಯಲ್ಲಿ ಕೊಳೆತು ಕಪ್ಪಾದ ಬೇರು ತೋರಿಸಿದಳು.

ಕಣ್ಣಿಗೆ ಕೆಂಪು ಕಂಡಿದ್ದೆಲ್ಲ ಒಂದೇ ಎಂದುಕೊಂಡವರು ಗಂಗಾಧರಪ್ಪ ಒಬ್ಬರೇ ಅಲ್ಲ, ಊರೇ ಹಾಗೆ. ಬೇಸಿಗೆಯಲ್ಲಿ ಕೆರೆ ಒಣಗಿತೆಂದರೆ ಅದರ ಹೂಳೆಲ್ಲ ಎಲ್ಲರ ತೋಟಕ್ಕೂ ಗೋಡು. ಕೂಲಿಯವರು ಸಿಗದ ವರ್ಷ ಹೆಂಡತಿ ಮಹದೇವಮ್ಮ ತಾವೇ ಮಂಕರಿಯಲ್ಲಿ ಗೋಡು ಹೊತ್ತು ಬಲಭುಜ ಕೆಡಿಸಿಕೊಂಡಿದ್ದರು. ಮರಗಳು ಸೊರಗಿದಷ್ಟೂ ಇಬ್ಬರೂ ಗೋಡು ಹೆಚ್ಚಿಸಿದ್ದರು. ಸಾಕಿದ ಕೈಯೇ ಕತ್ತು ಹಿಸುಕಿತ್ತು. ಗಂಗಾಧರಪ್ಪ ಅವಳ ಕೈಯ ಹಸಿ ಜೇಡಿ ಇಸಿದುಕೊಂಡು ತಾವೂ ಒತ್ತಿ ನೋಡಿದರು.

"ಹಾಕಿದ್ದ ಗೋಡೆಲ್ಲ ಕೆರೆಸಿ ತೆಗೆಸಿಬಿಟ್ರೆ?"

"ಬೆರೆತುಹೋಗಿದೆ ಸರ್. ಈ ಮರಗಳು ಇನ್ನು ಉಳಿಯಲ್ಲ."

"ಬೇರೆ ಏನಾದ್ರೂ ಬೆಳೀಬೋದಾ?"

ಅವಳು ಗುಂಡಿಯಿಂದ ಮೇಲೆ ಹತ್ತಿದಳು. "ಇಟ್ಟಿಗೆಗೆ ಒಳ್ಳೆ ಮಣ್ಣು."

ಅಷ್ಟರಲ್ಲಿ ಗೇಟಿನೊಳಗೆ ಟ್ರ್ಯಾಕ್ಟರ್ ತಿರುಗಿತು. ಈ ವರ್ಷದ ಮೊದಲ ಲೋಡು. ಹಿಂದೆಯೇ ಮಹದೇವಮ್ಮ ತಟ್ಟೆಯಲ್ಲಿ ವಿಭೂತಿ, ಕುಂಕುಮ, ಕರ್ಪೂರ ಹಿಡಿದು ಬಂದರು. ಮೊದಲ ಲೋಡಿಗೆ ಪೂಜೆಯಾಗದೆ ಗೋಡು ಇಳಿಸುವುದುಂಟೇ.

"ಏನಂದ್ರು ಮೇಡಮ್ಮು?"

ಗಂಗಾಧರಪ್ಪ ಮೇಘಶ್ರೀಯ ಮುಖ ನೋಡಿದರು. ಅವಳು ತಲೆ ತಗ್ಗಿಸಿ ಸನಿಕೆ ಒರೆಸತೊಡಗಿದಳು.

"ಒಳ್ಳೆ ಮಣ್ಣಂತೆ" ಎಂದರು.

"ನಾ ಹೇಳ್ಲಿಲ್ವಾ? ಈ ಸಲ ಚಿಗುರ್ತವೆ ನೋಡ್ರಿ."

ಕರ್ಪೂರ ಉರಿದು ಆರಿತು. ಡ್ರೈವರ್ ಚನ್ನೇಶ್ ಸೀಟಿನಿಂದಲೇ ಕೇಳಿದ, "ಎಲ್ಲಿಗೆ ಸುರೀಲಿ ಯಜಮಾನ್ರೇ?"

ಗಂಗಾಧರಪ್ಪ ಜೇಡಿ ಮೆತ್ತಿದ ಕೈಯೆತ್ತಿ ಹತ್ತಿರದ ಮರದ ಬುಡ ತೋರಿಸಿದರು. ಗೋಡು ಇಳಿದ ಮೇಲೆ ಮಹದೇವಮ್ಮ ಕುಕ್ಕರಿಸಿ, ಎಡಗೈಯಲ್ಲೇ ಹೆಂಟೆ ಒಡೆದು ಬುಡದ ಸುತ್ತ ಹರಡತೊಡಗಿದರು.